ಅವ್ವ ಹಾಡಿದ ಮುಲ್ತಾನಿ

ನಮ್ಮವ್ವ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ರೇಡಿಯೊದಲ್ಲಿ ಹಾಡಿದ್ದಳು. ಅವತ್ತು ಕಲ್ಯಾಣದ ಅರ್ಧ ಬಜಾರು ಅದನ್ನು ಕೇಳಿತು, ಅವ್ವ ಮಾತ್ರ ಕೇಳಲಿಲ್ಲ.

ಹೇಗೆ ಅಂತೀರಿ? ಅವ್ವನ ತವರು ಬಸವಕಲ್ಯಾಣ. ನಮ್ಮ ಕಡೆ ಬರೀ ಕಲ್ಯಾಣ ಅಂತಲೇ ಅನ್ನುವುದು. ಮದುವೆಗೆ ಮುಂಚೆ ಅಲ್ಲಿ ಒಬ್ಬ ಉಸ್ತಾದರ ಹತ್ತಿರ ಆಕೆ ಹಾಡು ಕಲಿಯುತ್ತಿದ್ದಳು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಯಾವುದೋ ದೊಡ್ಡ ಮನೆಯಲ್ಲಿ ಹಾಡಿಕೊಂಡಿದ್ದ ಆ ಮುದುಕರು ಆಮೇಲೆ ಕೋಟೆಯ ಹತ್ತಿರದ ಓಣಿಗೆ ಬಂದು ನೆಲೆಸಿದ್ದರು. ಅವರೇ ಹಟ ಹಿಡಿದು, ನಮ್ಮ ಅಜ್ಜನನ್ನು ಒಪ್ಪಿಸಿ, ಹತ್ತೊಂಬತ್ತು ವರ್ಷದ ಅವ್ವನನ್ನು ಹೈದರಾಬಾದಿನ ರೇಡಿಯೊ ಕೇಂದ್ರಕ್ಕೆ ಕರೆದುಕೊಂಡು ಹೋದರು. ಕಾವಲಿಗೆ ಅಂತ ಅಜ್ಜನೂ ಹೋದ.

ಅಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಕೋಣೆ. ಒಳಗೆ ಕಾಲಿಟ್ಟ ಕೂಡಲೇ ತನ್ನ ಉಸಿರು ತನಗೇ ಕೇಳುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಮೈಕಿನವನು ಬಂದು, "ಬಳಿ ತಗೀರಿ, ಸಪ್ಪಳ ಆಗ್ತದ" ಎಂದನಂತೆ. ಲಗ್ನ ಗೊತ್ತಾಗಿದ್ದ ಹುಡುಗಿ, ಕೈ ಬರಿದು ಮಾಡುವುದು ಹೇಗೆ? ಅಜ್ಜ ಹೆಗಲ ಮೇಲಿನ ವಲ್ಲಿಯನ್ನು ಪರ್ರನೆ ಹರಿದು ಎರಡು ಕೈಗೂ ಬಳೆಯ ಮೇಲೆಯೇ ಬಿಗಿಯಾಗಿ ಕಟ್ಟಿದ. ಹಾಗೆ ಕೈಗೆ ಬಟ್ಟೆ ಸುತ್ತಿಕೊಂಡು ಅವ್ವ ಮುಲ್ತಾನಿ ಹಾಡಿದಳು. ಸಂಜೆಯ ರಾಗ, ಕೇಳಿದವರ ಹೊಟ್ಟೆಯಲ್ಲಿ ಸಂಕಟವೆಬ್ಬಿಸುವ ರಾಗ. ಅವರು ಅದನ್ನು ಟೇಪಿನ ಮೇಲೆ ಹಿಡಿದುಕೊಂಡು, ಮುಂದಿನ ವಾರ ಇಂಥ ದಿನ ಸಂಜೆಗೆ ಬರುತ್ತದೆ, ಕೇಳಿರಿ ಎಂದು ಹೇಳಿ ಕಳಿಸಿದರು.

ಕೇಳಲು ರೇಡಿಯೊ ಬೇಕಲ್ಲ. ಅಜ್ಜನ ಮನೆಯಲ್ಲಿ ಇರಲಿಲ್ಲ. ಬಜಾರದ ಅಡತಿ ಅಂಗಡಿಯಲ್ಲಿ ಒಂದು ಇತ್ತು. ಅವತ್ತು ಸಂಜೆ ಸಾಹುಕಾರ ಅದನ್ನು ಕಟ್ಟೆಯ ಮೇಲೆ ತಂದಿಟ್ಟ. ಹತ್ತಿ ಮಾರಲು ಬಂದವರು, ಹಮಾಲರು, ಉಸ್ತಾದರು, ಅಜ್ಜ, ಎಲ್ಲ ಕೂಡಿದರು. ಅವ್ವನೂ ಸೀರೆ ಬದಲಿಸಿ ಹೊರಟು ನಿಂತಳು. ಅಜ್ಜಿ ಬಾಗಿಲಿಗೆ ಅಡ್ಡ ಬಂದು, "ಹೆಣ್ಣುಮಗಳು ತನ್ನ ಹಾಡು ತಾನ ಕೇಳ್ಲಾಕ ಗಂಡಸರ ನಡುವ ನಿಲ್ತಾಳೇನು? ಒಲಿ ಹಚ್ಚು ನಡಿ" ಎಂದಳು. ಎರಡು ಓಣಿ ಆಚೆ ಅವ್ವನ ದನಿ ಬರುತ್ತಿದ್ದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಜ್ಜ ಮನೆಗೆ ಬಂದು ಕಾಲು ತೊಳೆದುಕೊಂಡು, "ಛಲೋ ಆತು" ಎಂದು ಊಟಕ್ಕೆ ಕುಳಿತ. ತನ್ನ ಹಾಡಿನ ಬಗ್ಗೆ ಅವ್ವನಿಗೆ ಗೊತ್ತಿದ್ದದ್ದು ಆ ಎರಡು ಮಾತು.

ಮದುವೆಯಾಗಿ ಹುಮನಾಬಾದಿಗೆ ಬಂದಳು. ಅಪ್ಪನದು ಪಾತ್ರೆ ಅಂಗಡಿ. ಅಪ್ಪ ಕೆಟ್ಟವನೇನಲ್ಲ, ಆದರೆ ಆ ಮನೆಯಲ್ಲಿ ಹಾಡು ಅಂದರೆ ಆರತಿ ಮತ್ತು ತೊಟ್ಟಿಲು, ಅಷ್ಟೇ. ಉಸ್ತಾದರ ಹೆಸರು ಎತ್ತಿದರೆ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕೇಳದವಳ ಹಾಗೆ ಎದ್ದು ಹೋಗುತ್ತಿದ್ದಳು. ನಾನು ಅವ್ವನ ಹೊಟ್ಟೆಯಲ್ಲಿ ಹುಟ್ಟಿ ಅರವತ್ತರ ಹತ್ತಿರ ಬಂದರೂ ಆಕೆಯ ಬಾಯಲ್ಲಿ ಒಂದು ಆಲಾಪ ಕೇಳಿರಲಿಲ್ಲ. ಈಗ ಅಪ್ಪನಿಲ್ಲ, ಅಂಗಡಿಯನ್ನು ಮಗಳಾದ ನಾನೇ ನೋಡುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ದಿನವಿಡೀ ಪಾತ್ರೆಯ ಸದ್ದಿನ ನಡುವೆ ಕುಳಿತು ಕಿರಿಚಿ ಕಿರಿಚಿ, ಮನೆಗೆ ಬಂದು ಅವ್ವನ ಜೊತೆ ಕಿರಿಚಿ, ನನ್ನ ದನಿ ತಗಡಾಗಿದೆ.

ಅವ್ವನ ಜೊತೆ ಕಿರಿಚುವುದು ಯಾಕೆಂದರೆ ಆಕೆಗೆ ಕಿವಿ ಹೋಗುತ್ತಿತ್ತು. ಮೊದಲು ಎಡಗಿವಿ ಹೋಯಿತು, ನಾವು ಗಮನಿಸಲೇ ಇಲ್ಲ. ಆಮೇಲೆ ಬಲಗಿವಿಯೂ ಹಿಡಿಯಿತು. ಕಲಬುರಗಿಯ ಡಾಕ್ಟರು ಬಲಗಿವಿಗೆ ಮಷೀನು ಹಾಕಿ, "ಇದೂ ಇಳೀಲಾಕತ್ತದ, ಎಷ್ಟು ದಿನ ಅಂತ ಹೇಳ್ಲಾಕ ಬರಲ್ಲ" ಎಂದು ಕೈ ತೊಳೆದುಕೊಂಡರು. ಕಿವಿಯ ಹಿಂದೆ ಹುಣಸೆಬೀಜದಷ್ಟು ಮಷೀನು. ತಲೆದಿಂಬಿಗೆ ಒತ್ತಿದರೆ, ಸೆರಗು ಬಿಗಿಯಾಗಿ ಹೊದ್ದರೆ, ಅದು ಕುಂಯ್ಯ್ ಎಂದು ಕೂಗುತ್ತಿತ್ತು. ನಾಲ್ಕು ಜನರ ನಡುವೆ ಹಾಗಾದರೆ ಅವ್ವನ ಮುಖ ನೋಡಬೇಕು, ಸಭೆಯಲ್ಲಿ ಹೂಸು ಬಿಟ್ಟವರ ಹಾಗೆ. ತಕ್ಷಣ ಬೆರಳು ಹಾಕಿ ಬಂದ್ ಮಾಡಿಬಿಡುತ್ತಿದ್ದಳು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುವ ಗಾದೆಯನ್ನು ನಮ್ಮ ಅಂಗಡಿಯ ಆಳು ಒಂದು ಸಲ ಆಡಿ ನನ್ನ ಕೈಯಿಂದ ಚೆನ್ನಾಗಿ ಬೈಸಿಕೊಂಡ.

ಹೀಗಿರುವಾಗ ಕಲ್ಯಾಣದಿಂದ ಒಂದು ಫೋನು ಬಂತು. ಬಹಳ ವರ್ಷ ರೇಡಿಯೊದಲ್ಲಿ ಉದ್ಘೋಷಕರಾಗಿದ್ದು ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರು. ಮಾತೆಂದರೆ ಮಾತು, ಫೋನಿನಲ್ಲಿಯೂ ವಾರ್ತೆ ಓದಿದ ಹಾಗೆ. ಹಳೆಯ ಕಾಲದ ಟೇಪುಗಳನ್ನು ಹುಡುಕಿ ಕಂಪ್ಯೂಟರಿಗೆ ಇಳಿಸುವುದು ಅವರ ಹುಚ್ಚು. ಯಾವುದೋ ಹಳೆಯ ಸಹೋದ್ಯೋಗಿಯ ಮನೆಯ ಅಟ್ಟದಲ್ಲಿ ಸಿಕ್ಕ ಟೇಪಿನಲ್ಲಿ ಅವ್ವನ ಮುಲ್ತಾನಿ ಇದೆ ಎಂದರು. ನಾನು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಹೊರಟೆ.

ಮನೆಗೆ ಬಂದು ಅವ್ವನ ಬಲಗಿವಿಗೆ ಬಾಯಿಟ್ಟು ಹೇಳಿದೆ. ಎರಡು ಸಲ ಹೇಳಿಸಿಕೊಂಡಳು.

"ಖರೇನ?"

"ಖರೇ ಅವ್ವ."

"ನಂದ? ಮುಲ್ತಾನಿ?"

ಹೌದೆಂದೆ. ಅವ್ವ ಬಲಗಿವಿ ಮುಟ್ಟಿ ನೋಡಿಕೊಂಡಳು. ಆಮೇಲೆ, "ನನಗ ಕೇಳಸ್ತದಂತೀ ಏನು? ಒಂದ್ಸಲ ಕೇಳಿಬಿಟ್ರ ಸಾಕು, ಆಮ್ಯಾಗ ಈ ಕಿವಿ ಹೋದ್ರ ಹೋಗ್ಲಿ" ಎಂದಳು. ನನ್ನ ಅವ್ವ ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ಅವತ್ತೇ ಕಂಡದ್ದು. ಅಯ್ಯೋ ಎನಿಸಿತು.

ನಾನು ಉದ್ಘೋಷಕರಿಗೆ ಮರಳಿ ಫೋನು ಮಾಡಿ, ಅದನ್ನು ನನ್ನ ಮೊಬೈಲಿಗೆ ಕಳಿಸಿಬಿಡಿ, ಇವತ್ತೇ ಕೇಳಿಸುತ್ತೇನೆ ಎಂದೆ. ಅವರು ನಕ್ಕರು. "ಹಂಗ ಮೊಬೈಲ್‌ನಾಗ ಕೇಳೋದೇನ್ರಿ ಅಕ್ಕ? ಒಂದು ಸಂಜಿ ಇಟ್ಟೀವಿ. ಶಾಸ್ತ್ರೀಯ ಸಂಗೀತ, ರೇಡಿಯೊ ಬಗ್ಗೆ ಉಪನ್ಯಾಸ. ಅಲ್ಲಿ ಬಿಡುಗಡೆ ಮಾಡ್ತೀವಿ. ಅಮ್ಮಾರು ತಮ್ಮ ಹಾಡು ಮೊದಲನೇ ಸಲ ಕೇಳೋದು ಇಡೀ ಕಲ್ಯಾಣ ನೋಡ್ಬೇಕು." ಕಿವಿಯ ಸಂಗತಿ ಹೇಳಿದೆ. "ಇನ್ನೇನು ಮೂರು ವಾರ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗಾಯಿತು. ಆದರೂ ಮನುಷ್ಯ ಒಳ್ಳೆಯವನು, ಸಂಭ್ರಮದಲ್ಲಿದ್ದಾನೆ ಎಂದು ಸುಮ್ಮನಾದೆ.

ಆ ಮೂರು ವಾರ ಅವ್ವ ಕಿವಿಯನ್ನು ಉಳಿತಾಯ ಮಾಡಿದಳು. ಬೇರೆ ಮಾತು ಗೊತ್ತಿಲ್ಲ ನನಗೆ. ಕೇಳುವ ಶಕ್ತಿ ಡಬ್ಬಿಯಲ್ಲಿರುವ ಬೆಲ್ಲ, ದಿನಾ ತೆಗೆದರೆ ಮುಗಿದುಹೋಗುತ್ತದೆ ಎಂಬಂತೆ ಬೆಳಿಗ್ಗೆಯಿಂದ ಸಂಜೆಯ ತನಕ ಮಷೀನು ತೆಗೆದಿಟ್ಟು ಕುಳಿತುಕೊಳ್ಳುತ್ತಿದ್ದಳು. ಟೀವಿ ಬಂದ್. ಕುಕ್ಕರಿನ ಸೀಟಿ ಹೊಡೆಯುವ ಹೊತ್ತಿಗೆ ಹಿತ್ತಿಲಿಗೆ ಹೋಗಿಬಿಡುವಳು. ದುಬಲಗುಂಡಿಯಿಂದ ಆಕೆಯ ನಾದಿನಿ ನೋಡಲು ಬಂದರೆ, ಬರೀ ಕೈಸನ್ನೆಯಲ್ಲಿ ಮಾತಾಡಿಸಿ ಚಹಾ ಕುಡಿಸಿ ಕಳಿಸಿದಳು. "ಸೊಕ್ಕು ಬಂದದ ಈ ವಯಸ್ಸಿನಾಗ" ಎಂದು ಆ ನಾದಿನಿ ಬಸ್‌ ಸ್ಟ್ಯಾಂಡಿನ ತನಕ ನನಗೆ ಹೇಳಿಕೊಂಡು ಹೋದಳು. ಹಾಗಲ್ಲ ಎಂದು ಅವ್ವನಿಗೆ ಬೈದು ಹೇಳಿದೆ, ಕಿವಿ ಹಾಗೆ ಸವೆಯುವ ವಸ್ತುವಲ್ಲ ಎಂದೆ. ಆಕೆ ಮಷೀನು ಹಾಕಿಕೊಂಡಿರಲಿಲ್ಲವಾಗಿ ನನ್ನ ಬೈಗುಳ ಗೋಡೆಗೆ ಹೋಯಿತು.

ಆ ದಿನ ಬಂತು. ಬಾಡಿಗೆ ಕಾರು ಮಾಡಿಕೊಂಡು ಹುಮನಾಬಾದಿನಿಂದ ಹೊರಟೆವು. ಕಬ್ಬು ಕಡಿಯುವ ಕಾಲ. ಹಳ್ಳಿಖೇಡದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಊರ ಹೊರಗೆ ದಾರಿಯ ತುಂಬ. ಅವ್ವ ಜರಿ ಅಂಚಿನ ಹಳೆಯ ಸೀರೆ ಉಟ್ಟು, ಮಷೀನನ್ನು ಕರವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಸಭಾಂಗಣದ ಬಾಗಿಲಿಗೆ ಬಂದ ಮೇಲೆಯೇ ಕಿವಿಗೆ ಹಾಕಿಕೊಂಡಳು.

ಬಾಗಿಲಲ್ಲಿ ದೊಡ್ಡ ಬ್ಯಾನರು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಪುಢಾರಿಯ ಮುಖ ಅದರಲ್ಲಿ ಬುಟ್ಟಿಯಷ್ಟು, ಅವ್ವನದು ಅಂಚೆಚೀಟಿಯಷ್ಟು. ಒಳಗೆ ಮೇಜಿನ ಮೇಲೆ ಹಳೆಯ ರೇಡಿಯೊಗಳನ್ನು ಸಾಲಾಗಿ ಇಟ್ಟು ಚೆಂಡುಹೂವಿನ ಹಾರ ಹಾಕಿದ್ದರು. ನಾನು ನೇರವಾಗಿ ಸಂಘಟಕರನ್ನು ಹುಡುಕಿದೆ. ಊರಿನ ಬಟ್ಟೆ ವ್ಯಾಪಾರಿ, ಹಾಡಿನ ಹುಚ್ಚಿಗೆ ಕೈಯಿಂದ ಖರ್ಚು ಮಾಡುವ ಮನುಷ್ಯ. ಮಷೀನು ತೋರಿಸಿ, "ನೋಡ್ರಿ ಅಣ್ಣ, ಶಾಲು ಹಾಕ್ರಿ, ಹಾರ ಹಾಕ್ರಿ. ತಲಿಗಿ ಮಾತ್ರ ಏನೂ ಸುತ್ತಬ್ಯಾಡ್ರಿ" ಎಂದೆ. ನಮ್ಮ ಕಡೆ ಈಗ ಸನ್ಮಾನ ಎಂದರೆ ಪೇಟ. ಮಹಾರಾಷ್ಟ್ರದ ಗಡಿಯಿಂದ ಬಂದ ರೂಢಿ, ಗಂಡಸು ಹೆಂಗಸು ಎನ್ನದೆ ಎಲ್ಲರ ತಲೆಗೂ ಸುತ್ತುತ್ತಾರೆ. "ಆಯ್ತ್ರಿ ಅಕ್ಕ, ನಾ ಹೇಳ್ತೀನಿ" ಎಂದು ಆತ ಪೇಟ ಸುತ್ತುವವನನ್ನು ಕರೆದು ನನ್ನ ಮುಂದೆಯೇ ಹೇಳಿದ.

ಮುಖ್ಯ ಅತಿಥಿ ಬಂದಿರಲಿಲ್ಲ. ಯಾವುದೋ ಮದುವೆಯಲ್ಲಿ ಅಕ್ಷತೆ ಹಾಕಿ ಬರುತ್ತಾರಂತೆ. ಅವರು ಬರದೆ ಬಿಡುಗಡೆಯಿಲ್ಲ. ಅಲ್ಲಿಯ ತನಕ ಉಪನ್ಯಾಸ ನಡೆಯಲಿ ಎಂದರು. ಕಾಲೇಜಿನ ಮೇಷ್ಟ್ರೊಬ್ಬರು ಎದ್ದು ರೇಡಿಯೊ ಯಾವ ದೇಶದಲ್ಲಿ ಹುಟ್ಟಿತು ಎಂಬಲ್ಲಿಂದ ಹಿಡಿದರು. ಹೇಳಿದ್ದನ್ನೇ ಹೇಳಿದರು, ಹಾಡಿದ್ದೇ ಹಾಡೋ ಕಿಸಬಾಯಿದಾಸ. ವೇದಿಕೆಯ ಮೇಲೆ ಅವ್ವ ಮಷೀನು ಹಾಕಿಕೊಂಡು, ಆ ಕೊರೆತವನ್ನೆಲ್ಲ ತನ್ನ ಉಳಿತಾಯದ ಕಿವಿಯಲ್ಲಿ ಕೇಳುತ್ತ ಕುಳಿತಿದ್ದಳು.

ಆಮೇಲೆ ಉದ್ಘೋಷಕರು ಎದ್ದರು. ಅವರ ಮಾತು ಚೆನ್ನಾಗಿತ್ತು, ಇಲ್ಲವೆನ್ನಬಾರದು. ತಾವು ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳಿದ ಕಥೆಗಳನ್ನು ಹೇಳಿದರು. ಕೆಂಪು ದೀಪ ಹತ್ತಿದ ಮೇಲೆ ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದ ಗಾಯಕಿಯರು, ತಬಲಾದ ಸದ್ದು ಜಾಸ್ತಿಯಾಯಿತೆಂದು ಕೋಣೆಯ ಮೂಲೆಗೆ ಹೋಗಿ ಕುಳಿತು ನುಡಿಸಿದವರು, ಸಂಜೆಯ ಹಾಡಿಗೆ ರೇಡಿಯೊ ಇದ್ದ ಅಂಗಡಿಯ ಮುಂದೆ ಎತ್ತಿನ ಗಾಡಿ ನಿಲ್ಲಿಸಿ ಕೇಳಿ ಹೋಗುತ್ತಿದ್ದ ಮುಡಬಿಯ ರೈತರು. "ಆಗ ಜನರಿಗಿ ರೇಡಿಯೊ ಇರಲಿಲ್ಲ, ಕಿವಿ ಇದ್ದವು" ಎಂದರು. ಜನ ಚಪ್ಪಾಳೆ ತಟ್ಟಿದರು. ಅವ್ವ ನನ್ನ ಕಡೆ ನೋಡಿ ಕೇಳುತ್ತಿದೆ ಎಂದು ತಲೆಯಾಡಿಸಿದಳು.

ಹೊತ್ತು ಮುಳುಗಿದ ಮೇಲೆ ಅತಿಥಿ ಬಂದರು. ದೀಪ ಹಚ್ಚಿದ್ದಾಯಿತು. ಸನ್ಮಾನ ಶುರುವಾಯಿತು. ಪೇಟದವನು ಜಾಣ, ಕೇಸರಿ ಬಟ್ಟೆಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಡಿಕೆ ಮಡಿಕೆಯಾಗಿ ಸುತ್ತಿ, ಬಾಲ ಬಿಟ್ಟು, ಪಿನ್ನು ಚುಚ್ಚಿ ಮುಂದಿನವರಿಗೆ ಹೋಗುತ್ತಿದ್ದ. ಅತಿಥಿಗೆ, ಮೇಷ್ಟ್ರಿಗೆ, ಉದ್ಘೋಷಕರಿಗೆ, ಹಾಡಲು ಬಂದ ಗಾಯಕರಿಗೆ. ಅವ್ವನ ಹತ್ತಿರ ಬಂದವನು ಹೇಳಿದ್ದು ನೆನಪಾಗಿ ಹಿಂದೆ ಸರಿದು ನಿಂತ.

ಅತಿಥಿ ಅದನ್ನು ಕಂಡರು. ಏನೆಂದು ಕೇಳಿದರು. ಸಂಘಟಕ ಅವರ ಕಿವಿಯಲ್ಲಿ ಏನೋ ಹೇಳಿದ. ಏನು ಹೇಳಿದನೋ, ಅವರು ಏನು ತಿಳಿದರೋ, ಮೈಕು ಕೈಗೆ ತೆಗೆದುಕೊಂಡು ಎದ್ದೇ ನಿಂತರು.

"ಇದು ಶರಣರ ಊರು! ಹೆಣ್ಣು ಗಂಡು ಒಂದೇ ಅಂತ ಜಗತ್ತಿಗೇ ಹೇಳಿದ ಕಲ್ಯಾಣ ಇದು! ಇಲ್ಲಿ ಗಂಡಸರ ತಲಿಗಿ ಪೇಟ, ಈ ತಾಯಿ ತಲಿ ಬರೀದು ಅಂದ್ರ ನಾಳಿ ಜನ ನಮಗ ಏನಂತಾರ? ಸುತ್ತೋ ತಮ್ಮಾ!"

ಸಭಾಂಗಣ ಚಪ್ಪಾಳೆಯಿಂದ ಹಾರಿಹೋಯಿತು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ತಟ್ಟಿದರು. ನಾನೂ ಎದ್ದೆ, ಬೇಡ ಬೇಡ ಎಂದು ಕೈಯಾಡಿಸಿದೆ, ನಾನೂ ಹುರುಪಿನಲ್ಲಿ ಎದ್ದಿದ್ದೇನೆ ಎಂದುಕೊಂಡರು. ಸಂಘಟಕ ನನ್ನ ಕಡೆ ನೋಡಿ, ಏನು ಮಾಡಲಿ ಎಂಬಂತೆ ಹಲ್ಲು ಬಿಟ್ಟ. ಬೇರೆ ಊರಿನಲ್ಲಾಗಿದ್ದರೆ ಹೆಣ್ಣುಮಗಳೆಂದು ಒಂದು ಹೂಮಾಲೆಯಲ್ಲಿ ಮುಗಿಸಿ ಅವ್ವನನ್ನು ಅವಳ ಪಾಡಿಗೆ ಬಿಡುತ್ತಿದ್ದರು. ಕಲ್ಯಾಣದವರಿಗೆ ಅದು ಸಾಧ್ಯವಿರಲಿಲ್ಲ.

ಪೇಟ ಸುತ್ತಿದರು. ಸೆರಗಿನ ಮೇಲೆ, ಕಿವಿಯ ಮೇಲೆ, ಬಿಗಿಯಾಗಿ. ಮೂರನೆಯ ಸುತ್ತಿಗೆ ಮಷೀನು ಕೂಗಿತು. ಪಕ್ಕದಲ್ಲೇ ಮೈಕು ಇತ್ತು, ಕುಂಯ್ಯ್ ಎಂಬ ಕೂಗು ಇಡೀ ಸಭಾಂಗಣಕ್ಕೆ ಹಬ್ಬಿತು. ಸೌಂಡಿನವನು ತನ್ನ ಪೆಟ್ಟಿಗೆಯದೇ ತಪ್ಪೆಂದು ಹಾರಿ ಬಂದು ಗುಂಡಿಗಳನ್ನು ತಿರುವಿದ. ಜನ ಕಿವಿ ಮುಚ್ಚಿಕೊಂಡರು. ಎಲ್ಲರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದರೆ ಅವ್ವನೊಬ್ಬಳೇ ತಲೆ ತಗ್ಗಿಸಿದ್ದಳು. ಅದು ಎಲ್ಲಿಂದ ಬರುತ್ತಿದೆ ಎಂಬುದು ಆಕೆಗೆ ಗೊತ್ತಿತ್ತು. ಮೆಲ್ಲಗೆ ಎರಡು ಬೆರಳು ಪೇಟದೊಳಗೆ ತೂರಿಸಿ ಮಷೀನು ಬಂದ್ ಮಾಡಿದಳು. ಕೂಗು ನಿಂತಿತು. ಸೌಂಡಿನವನು ಗೆದ್ದವನಂತೆ ಹೆಬ್ಬೆರಳು ಎತ್ತಿದ.

ಅದೇ ಹೊತ್ತಿಗೆ ಅತಿಥಿ ಗುಂಡಿ ಒತ್ತಿ ಹಾಡು ಬಿಡುಗಡೆ ಮಾಡಿದರು.

ಮೊದಲು ಸರಸರ ಸದ್ದು. ಆಮೇಲೆ ತಂಬೂರಿ. ಆಮೇಲೆ ಒಬ್ಬ ಹುಡುಗಿ ಉಸಿರು ಎಳೆದುಕೊಂಡದ್ದು ಕೇಳಿತು, ಹಾಡು ಎದ್ದಿತು. ನನ್ನ ಅವ್ವ. ನಾನು ಹುಟ್ಟುವುದಕ್ಕೆ ಮುಂಚಿನ ಅವ್ವ. ತುಂಬಿದ ದನಿ, ಸ್ವಲ್ಪ ಹಟಮಾರಿ ದನಿ, ಹೆದರಿಕೆಯೇ ಇಲ್ಲ. ಈ ದನಿ ಇಟ್ಟುಕೊಂಡು ಈಕೆ ಅಷ್ಟು ವರ್ಷ ನಮ್ಮ ಮನೆಯಲ್ಲಿ ಮುಸುರೆ ತಿಕ್ಕಿದಳೇ ಎಂದು ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಉದ್ಘೋಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವ್ವ ಕೇಸರಿ ಪೇಟ ಸುತ್ತಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಜನರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು. ಏನು ನಡೆಯುತ್ತಿದೆ ಎಂದು ತಿಳಿಯದವರು ನೋಡುವ ನೋಟ ಅದು. ನಾನು ಆ ನೋಟವನ್ನು ದಿನಾ ನೋಡಿದವಳು.

ಎದ್ದು ವೇದಿಕೆಗೆ ನಡೆದೆ. ಮೆಟ್ಟಿಲ ಹತ್ತಿರ ಸಂಘಟಕ ತಡೆದ. "ಮುಗೀಲಿ ಅಕ್ಕ, ಹಾಡು ನಡದದ, ನಡುವ ಬ್ಯಾಡ್ರಿ."

"ಆಕಿಗಿ ಕೇಳವಲ್ದು!" ಎಂದು ಕಿರಿಚಿ ಅವನನ್ನು ದೂಡಿಕೊಂಡೇ ಹತ್ತಿದೆ. ಅವ್ವನ ಪೇಟಕ್ಕೆ ಕೈ ಹಾಕಿದೆ. ಸಭೆಯಲ್ಲಿ ಒಬ್ಬರ ತಲೆಯ ಪೇಟ ತೆಗೆಯುವುದೆಂದರೆ ಏನು ಎಂದು ನಮ್ಮವರಿಗೆ ಗೊತ್ತು. ಏ, ಏ ಎಂದು ನಾಲ್ಕು ಕಡೆಯಿಂದ ಕೂಗು ಬಂತು. ಅತಿಥಿಯ ಮುಖ ಕಪ್ಪಿಟ್ಟಿತು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಅವ್ವ. ಎರಡೂ ಕೈಯಿಂದ ಪೇಟ ಒತ್ತಿ ಹಿಡಿದು, ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ, "ಬಿಡ, ಮಂದಿ ನೋಡಾಕತ್ತಾರ! ಮರ್ಯಾದಿ ತಗೀಬ್ಯಾಡ!" ಎಂದಳು. ಆ ಮಾತು ಆಕೆಯದೇ ಹಾಡಿನ ಮೇಲೆ ಬಿತ್ತು. ನಾನು ಎಳೆದೆ, ಆಕೆ ಹಿಡಿದಳು. ಪಿನ್ನು ನನ್ನ ಬೆರಳಿಗೆ ಚುಚ್ಚಿತು. ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿ, ಜಾರಿದ್ದ ಮಷೀನನ್ನು ಕಿವಿಯ ಹಿಂದೆ ಸರಿಯಾಗಿ ಕೂರಿಸಿ ಚಾಲೂ ಮಾಡುವ ಹೊತ್ತಿಗೆ ತಂಬೂರಿ ನಿಂತಿತ್ತು. ಚಪ್ಪಾಳೆ ಎದ್ದಿತು.

ಅವ್ವ ಚಪ್ಪಾಳೆ ಕೇಳಿದಳು. ಸೆರಗು ಸರಿಮಾಡಿಕೊಂಡು ಜನರಿಗೆ ಕೈಮುಗಿದಳು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು, "ಯಾವಾಗ ಹಚ್ತಾರ?"

ಇನ್ನೊಂದು ಸಲ ಹಚ್ಚಿರಿ ಎಂದು ಉದ್ಘೋಷಕರಿಗೆ ಕೈಮುಗಿದೆ. ಅವರು ಕಂಪ್ಯೂಟರಿನ ಮೇಲೆ ಕೈ ಇಟ್ಟೇ ಬಿಟ್ಟಿದ್ದರು. ಆದರೆ ಗಾಯಕರು ತಂಬೂರಿ ಶ್ರುತಿ ಮಾಡಿಕೊಂಡು ಬಂದು ನಿಂತಿದ್ದರು, ಅತಿಥಿ ಮುಖ ಗಂಟಿಕ್ಕಿಕೊಂಡು ಹೊರಟಿದ್ದರು, ಅವರನ್ನು ಕಳಿಸಲು ಅರ್ಧ ಸಭೆ ಎದ್ದಿತ್ತು. "ಕಛೇರಿ ಮುಗದ ಮ್ಯಾಲ ಹಚ್ಚೋಣ್ರಿ ಅಕ್ಕ, ಶಾಂತ ಕುಂತು ಕೇಳೋಣ" ಎಂದ ಸಂಘಟಕ. ಗಾಯಕರು ಹಾಡಿದರು. ಒಳ್ಳೆಯ ಹಾಡುಗಾರರಂತೆ, ನನಗೆ ಒಂದು ಸ್ವರವೂ ನೆನಪಿಲ್ಲ. ಅವ್ವ ಮಾತ್ರ ವೇದಿಕೆಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ಅಷ್ಟು ಹೊತ್ತೂ ನೆಟ್ಟಗೆ ಕುಳಿತಿದ್ದಳು. ನಡುವೆ ಒಮ್ಮೆ ಕಿವಿ ಮುಟ್ಟಿಕೊಂಡು, "ಇದರಾಗ ಏನೋ ಗದ್ದಲ ಆದಂಗ ಆಗ್ತದ" ಎಂದಳು. ದೂರ ಕುಳಿತಿದ್ದೇವೆ, ಅದಕ್ಕೆ ಎಂದೆ. ಕಛೇರಿ ಮುಗಿದಾಗ ಕುರ್ಚಿಯವರು ಕುರ್ಚಿ ಮಡಚುತ್ತಿದ್ದರು. ಸೌಂಡಿನವನು ಇನ್ನೊಂದು ಊರಿನ ಮದುವೆಗೆ ಹೋಗಬೇಕೆಂದು ವಯರು ಸುತ್ತಿಕೊಂಡುಬಿಟ್ಟಿದ್ದ. ಉದ್ಘೋಷಕರು ನನ್ನ ಮೊಬೈಲಿಗೆ ಹಾಡು ಹಾಕಿಕೊಟ್ಟು, "ಮೊದಲ ದಿನಾನೇ ಕಳಿಸ್ಬೇಕಿತ್ತು, ನನ್ನ ಬುದ್ಧಿಗಿಷ್ಟು" ಎಂದು ತಲೆ ಚಚ್ಚಿಕೊಂಡರು.

ಕಾರಿನಲ್ಲಿ ಅವ್ವ ಮಷೀನು ತೆಗೆದು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ, ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಮಷೀನು ಹಾಕಿಕೊಂಡಿದ್ದಳು. ಹಾಡು ಹಚ್ಚುತ್ತೇನೆ ಎಂದು ಮೊದಲೇ ಹೇಳಿ, ಕೇಳಿಸದೇ ಹೋದರೆ? ಮತ್ತೊಮ್ಮೆ ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಏನೂ ಹೇಳದೆ, ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ, ಬಲಗಿವಿಯ ಹತ್ತಿರವೇ ಮೊಬೈಲಿಟ್ಟು ದನಿ ಪೂರಾ ಏರಿಸಿ ಹಚ್ಚಿದೆ.

ಅವ್ವನ ಕೈ ನಿಂತಿತು. ಕೇಳಿಸಿತು! ಅವ್ವ ತಲೆ ಎತ್ತಿ, ಕಣ್ಣು ಸಣ್ಣ ಮಾಡಿ, ಗಮನವಿಟ್ಟು ಕೇಳಿದಳು. ಹಾಡು ಮೇಲಕ್ಕೆ ಏರಿತು, ಒಂದು ಸ್ವರದ ಮೇಲೆ ನಿಂತಿತು. ಅವ್ವನ ಕಣ್ಣಲ್ಲಿ ನೀರು ತುಂಬಿತು. ದೇವರೇ, ಇಷ್ಟಾದರೂ ಕೊಟ್ಟೆಯಲ್ಲ ಎಂದು ನಾನು ಕೈಮುಗಿದೆ.

ಆ ಮಷೀನುಗಳನ್ನು ಮಾತು ಕೇಳುವುದಕ್ಕೆಂದು ಮಾಡಿರುತ್ತಾರಂತೆ. ಎಳೆದು ಹಾಡುವ ಸ್ವರ ಬಂದರೆ ಅದು ತನ್ನದೇ ಕೂಗೆಂದು ತಿಳಿದು ದನಿಯನ್ನು ಅದುಮಿಬಿಡುತ್ತದಂತೆ, ಬಿಡುತ್ತದಂತೆ, ಮತ್ತೆ ಅದುಮುತ್ತದಂತೆ, ಹಾಡು ತುಂಡು ತುಂಡಾಗಿ ಕೇಳುತ್ತದಂತೆ. ಇದನ್ನು ಡಾಕ್ಟರು ಹೇಳಿದ್ದು ಆಮೇಲೆ.

ಅವ್ವ ಮೊರ ಕೆಳಗಿಟ್ಟಳು. "ಅಯ್ಯ ಪಾಪ" ಎಂದಳು. "ಯಾರ ಮನ್ಯಾಗೋ ಸತ್ತಾರ. ಹ್ಯಾಂಗ ಅಳಾಕತ್ತಾಳ ನೋಡು."

ಮಡಿಲ ಜೋಳ ಕೊಡವಿ, ಗೋಡೆ ಹಿಡಿದು ಎದ್ದಳು. ನಮ್ಮ ಓಣಿಯಲ್ಲಿ ಅಳು ಕೇಳಿದರೆ ಹೆಂಗಸರು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹೋಗುತ್ತಾರೆ. ಕರೆಯಬೇಕಿಲ್ಲ, ಕೇಳಬೇಕಿಲ್ಲ. ಹೋಗಿ ಹತ್ತಿರ ಕುಳಿತುಕೊಳ್ಳುವುದು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿಗೆ ಕಾಲು ಹುಡುಕುತ್ತ, "ನಡಿ, ಒಬ್ಬಾಕೇ ಇದ್ದಂಗ ಅದಾಳ, ಯಾರೂ ಬಂದಂಗಿಲ್ಲ" ಎಂದಳು.

ನಾನು ಅವಳ ಹಿಂದೆ ಬೀದಿಗೆ ಇಳಿದೆ. ಬೆಳಗಿನ ಹೊತ್ತು, ನಳದ ಹತ್ತಿರ ಪಕ್ಕದ ಮನೆಯಾಕೆ ಕೊಡ ತುಂಬುತ್ತಿದ್ದಳು. ಅವ್ವ ಒಂದೊಂದು ಬಾಗಿಲ ಮುಂದೆಯೂ ನಿಂತು ಇಣುಕಿದಳು. ಒಂದು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು, ಇನ್ನೊಂದರಲ್ಲಿ ಯಾರೋ ಹಲ್ಲುಜ್ಜುತ್ತಿದ್ದರು. ಕೊನೆಗೆ ನಳದ ಹತ್ತಿರ ಬಂದು ಕೇಳಿದಳು, "ಯಾರ ಹೋದ್ರವ್ವ?"

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಕೆ ಅವ್ವನ ಕಿವಿಯ ಹತ್ತಿರ ಬಾಗಿ, "ಯಾರೂ ಹೋಗಿಲ್ರಿ ಆಯಿ, ಎಲ್ಲಾರೂ ಛಲೋ ಅದಾರ" ಎಂದು ಕೂಗಿ ಹೇಳಿದಳು.

ಅವ್ವ ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಂಗಾದ್ರ ಅಷ್ಟೊತ್ತು ಅತ್ತಾಕಿ ಯಾರು?"